ಹಚ್ಚಿದ ಕೈಯೇ ಆರಿಸಬೇಕು

ದೀಪ ಆರಿಸಬೇಡಿ, ಉರಿಯುತ್ತಿರಲಿ. ಇದು ಯಾರೋ ಹೇಳಿ ಯಾರೋ ಕೇಳಿದ ಕತೆಯಲ್ಲ. ಈ ದ್ವೀಪದ ನೌಸೋರಿ ಪೇಟೆಯಲ್ಲಿ ನಮ್ಮ ಅಂಗಡಿಯ ಆಚೆ, ನದಿಯ ಕಡೆಗಿದ್ದ ವಿಮ್ಲೇಶನಿಗೆ ಆದದ್ದು. ಅರ್ಧ ಅವನ ಬಾಯಿಂದ ಕೇಳಿದ್ದು, ಉಳಿದರ್ಧ ಬೀದಿಯವರೆಲ್ಲ ನಿಂತು ನೋಡಿದ್ದು.

ಆ ರಾತ್ರಿ ಅಂಗಡಿಯ ಹಿಂದೆ ಯಂಗೋನಾ ಕುಡಿಯಲು ಕೂತವರಲ್ಲಿ ವಿಮ್ಲೇಶನೇ ಮೊದಲು ಎದ್ದ. ಹನ್ನೊಂದು ದಾಟಿತ್ತು. ಆ ಬೇರು ಅರೆದ ನೀರಿಗೆ ನಾಲಿಗೆ ಜೋಮು ಹಿಡಿದಿತ್ತೇ ಹೊರತು ತಲೆ ಸ್ವಚ್ಛವಾಗಿತ್ತು. ಯಂಗೋನಾ ಕುಡಿದವನ ಕಾಲು ಸೋಲುತ್ತದೆ, ತಲೆ ಸೋಲುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು. ಕುಡಿದು ಏನೋ ಕಂಡ ಅಂತ ಆಮೇಲೆ ಯಾರೂ ಎದ್ದು ಹೋಗಬಾರದು.

ಮನೆಗೆ ಹತ್ತು ನಿಮಿಷದ ದಾರಿ. ರೇವಾ ನದಿಯ ದಂಡೆ ಹಿಡಿದು, ಹಳೇ ಸೇತುವೆ ದಾಟಿದರೆ ಆಲದ ಮರ. ಆ ಮರದ ಹತ್ತಿರ ಊರವರು ದನಿ ತಗ್ಗಿಸುತ್ತಾರೆ, ಸಿಳ್ಳೆ ಹಾಕುವುದಿಲ್ಲ. ವಿಮ್ಲೇಶ ಅದನ್ನೆಲ್ಲ ನಂಬುವ ಆಸಾಮಿಯಲ್ಲ. ದಿನಾ ಅದರ ಕೆಳಗೇ ನಿಂತು ಸಿಗರೇಟು ಹಚ್ಚುತ್ತಿದ್ದ. ಅವತ್ತು ಗಾಳಿ ಇರಲಿಲ್ಲ. ಬಿಳಲುಗಳು ನೇರ ಇಳಿಬಿದ್ದಿದ್ದವು. ಕಡ್ಡಿ ಗೀರಿದ...

ಜೇಬಿನಲ್ಲಿ ಫೋನು. ಟಿಣ್.

ತೆಗೆದು ನೋಡಿದ. ಸಮುದ್ರದಾಚೆಯ ಸವುಸವುವಿನ ಐಸ್ ಮನೆಯಿಂದ ಒಂದೇ ಸಾಲು ಬಂದಿತ್ತು. ಮೂರನೇ ಸರ್ವರ್, ನೀಲಿ ದೀಪ ಹಚ್ಚಲಾಗಿದೆ, ಹನ್ನೊಂದು ಇಪ್ಪತ್ತು.

ಬೆರಳಿಗೆ ಬೆಂಕಿ ತಾಗುವವರೆಗೂ ಕಡ್ಡಿ ಹಿಡಿದೇ ನಿಂತಿದ್ದ.

ಮೂರನೇ ಸರ್ವರ್ ಸತ್ತು ಐದು ವಾರವಾಗಿತ್ತು. ಅದರ ತಂತಿಗಳನ್ನೆಲ್ಲ ಕಿತ್ತು, ಸುತ್ತಿ, ಸರ್ವರನ್ನು ಮೂಲೆಗೆ ಒರಗಿಸಿ ಇಟ್ಟಿದ್ದರು. ಹಾಗೆ ಇಡಿಸಿದವನು ಅವನೇ.

ಆಗ ಮರದ ಒಳಗಿಂದ... ಒಂದು ಚಪ್ಪಾಳೆ. ಪಟ್ ಅನ್ನುವ ಚಪ್ಪಾಳೆಯಲ್ಲ. ಎರಡೂ ಅಂಗೈಯನ್ನು ಬೋಗುಣಿ ಮಾಡಿ ಕೂಡಿಸಿದಾಗ ಬರುವ, ಖಾಲಿ ಪೀಪಾಯಿಗೆ ಗುದ್ದಿದಂಥ ಸದ್ದು. ದಬ್. ಯಂಗೋನಾದ ಕರಟ ಕೈಗೆ ಬರುವಾಗ ಹಾಗೆ ಒಂದು ಸಲ ಹೊಡೆದು ತೆಗೆದುಕೊಳ್ಳಬೇಕು. ಕುಡಿದು ವಾಪಸು ಕೊಟ್ಟ ಮೇಲೆ ಮೂರು ಸಲ.

ಒಂದೇ ಕೇಳಿಸಿದ್ದು. ಮೂರು ಬಾಕಿ ಇತ್ತು.

ವಿಮ್ಲೇಶನ ಕಸಬು ಗೊತ್ತಿಲ್ಲದಿದ್ದರೆ ಮುಂದಿನದು ತಿಳಿಯದು. ಅವನು ಮನೆಯ ಹಿಂದಿನ ಕೋಣೆಯಲ್ಲಿ ಕೂತು ನಾಲ್ಕಾರು ದ್ವೀಪಗಳ ಸರ್ವರುಗಳನ್ನು ನೋಡಿಕೊಳ್ಳುತ್ತಿದ್ದ. ಆ ಸರ್ವರುಗಳ ಹೊಟ್ಟೆಯಲ್ಲಿ ಒಂದು ಕನ್ಸೋಲ್ ಕಾರ್ಡ್ ಇರುತ್ತದೆ, ಬಿಸ್ಕತ್ತಿನಷ್ಟು ದೊಡ್ಡದು. ಸರ್ವರ್ ಆರಿದ್ದರೂ, ಸಿಕ್ಕಿಹಾಕಿಕೊಂಡಿದ್ದರೂ ಕಾರ್ಡು ಮಾತ್ರ ಎಚ್ಚರ. ಗೋಡೆಯ ತಂತಿಯಿಂದ ಒಂದು ಗುಟುಕು ವಿದ್ಯುತ್ತು ಸಿಕ್ಕರೆ ಸಾಕು, ಯಜಮಾನ ಮಲಗಿದರೂ ಬಾಗಿಲಲ್ಲಿ ಕೂತ ಕಾವಲುಗಾರನ ಹಾಗೆ ಕಣ್ಣು ಬಿಟ್ಟುಕೊಂಡೇ ಇರುತ್ತದೆ. ಅದರ ಮೂಲಕ ನೌಸೋರಿಯಲ್ಲಿ ಕೂತವನು ಸಮುದ್ರದಾಚೆಯ ಸರ್ವರಿನ ಪರದೆ ನೋಡಬಹುದು, ಒಳಗೆ ಎಷ್ಟು ಬಿಸಿ ಎಂದು ತಿಳಿಯಬಹುದು, ಆರಿಸಬಹುದು, ಮತ್ತೆ ಹೊತ್ತಿಸಬಹುದು. ಯಾರು ಬಂದರು, ಎಷ್ಟು ಹೊತ್ತಿಗೆ, ಏನು ಒತ್ತಿದರು ಅನ್ನುವುದನ್ನೆಲ್ಲ ಕಾರ್ಡು ತನ್ನ ದಿನಚರಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ.

ಇನ್ನು ನೀಲಿ ದೀಪ. ಒಂದೇ ಥರದ ಹತ್ತು ಸರ್ವರುಗಳ ಸಾಲಿನಲ್ಲಿ ಯಾವುದು ಯಾವುದು ಎಂದು ಗುರುತಿಗೆ ಪ್ರತಿಯೊಂದರ ಮುಂದೆಯೂ ಬಟನ್ನಿನ ಜೊತೆ ಒಂದು ಸಣ್ಣ ನೀಲಿ ದೀಪ ಇರುತ್ತದೆ. ಅಲ್ಲಿದ್ದವನು ಒತ್ತಿದರೂ ಹೊತ್ತುತ್ತದೆ, ಇಲ್ಲಿಂದ ಕಾರ್ಡಿನ ಮೂಲಕ ಒತ್ತಿದರೂ ಹೊತ್ತುತ್ತದೆ. ಗುರುತಿಗಷ್ಟೇ ಇದ್ದದ್ದು. ಸವುಸವುವಿನ ಐಸ್ ಮನೆಯಲ್ಲಿ ಮಾತ್ರ ಇನೋಕೆ ಅದಕ್ಕೆ ಬೇರೆ ಅರ್ಥ ಕೊಟ್ಟಿದ್ದ.

ಐಸ್ ಮನೆ ಅಂದರೆ ಟ್ಯೂನಾ ಮೀನನ್ನು ಕಲ್ಲಾಗಿಸುವ ಜಾಗ. ಅಲ್ಲಿನ ಕೋಣೆಗಳ ಉಕ್ಕಿನ ಬಾಗಿಲು, ಗಾಳಿ ಬೀಸುವ ದೊಡ್ಡ ಫ್ಯಾನು, ಎಲ್ಲವನ್ನೂ ಮೂರನೇ ಸರ್ವರೇ ನಡೆಸುತ್ತಿತ್ತು. ಇನೋಕೆ ಅಲ್ಲಿನ ರಿಪೇರಿಯವನು. ಆರಡಿ ಆಳು. ರಗ್ಬಿ ಆಡಿ ಮಂಡಿ ಕೆಡಿಸಿಕೊಂಡಿದ್ದ, ಸರ್ವರ್ ಕೋಣೆಯಲ್ಲೂ ಬರಿಗಾಲಲ್ಲೇ ಓಡಾಡುತ್ತಿದ್ದ. ವಿಮ್ಲೇಶನನ್ನು ಭಾವ ಎಂದು ಕರೆಯುತ್ತಿದ್ದ. ಆ ದ್ವೀಪಗಳಲ್ಲಿ ಭಾವಂದಿರ ನಡುವೆ ಏನು ಬೇಕಾದರೂ ಅನ್ನಬಹುದು, ಯಾರೂ ಮುನಿಸಿಕೊಳ್ಳುವ ಹಾಗಿಲ್ಲ. ಎದುರು ಬದುರು ಇಬ್ಬರೂ ನೋಡಿಕೊಂಡದ್ದು ಒಂದೇ ಸಲ. ಉಳಿದದ್ದೆಲ್ಲ ಫೋನಿನಲ್ಲೇ.

ಒಂದು ದಿನ ಇನೋಕೆ ಹೇಳಿದ್ದ: "ಭಾವ, ನೀನು ಕೂತಲ್ಲೇ ಒತ್ತೋನು, ಒಳಗೆ ಕೈ ಹಾಕೋನು ನಾನು. ಅದಕ್ಕೇ ಒಂದು ಮಾತು. ನೀಲಿ ದೀಪ ಉರೀತಿದ್ರೆ ನನ್ನ ಕೈ ಒಳಗಿದೆ ಅಂತ. ನೀನು ಏನೂ ಒತ್ತಬಾರದು. ಹಚ್ಚಿದ ಕೈಯೇ ಆರಿಸಬೇಕು."

"ನೀನು ಹಚ್ಚಿ ಮರೆತು ಯಂಗೋನಾಕ್ಕೆ ಹೋದ್ರೆ?"

"ನನ್ನ ಹೆಂಡ್ತಿ ಉನೈಸಿಗೆ ಹೇಳು, ಅವಳು ಹೊಡೀತಾಳೆ. ದೀಪ ಮಾತ್ರ ಮುಟ್ಟಬೇಡ."

ಒಂದು ಸಲ ಹಾಗೇ ಆಯಿತು. ಇನೋಕೆ ದೀಪ ಮರೆತು ಹೋದ. ವಿಮ್ಲೇಶ ಎರಡು ತಾಸು ಕಾದು ಮ್ಯಾನೇಜರನಿಂದ ಬೈಸಿಕೊಂಡ. ಆ ಬೈಗುಳ ಅವನ ಹೊಟ್ಟೆಯಲ್ಲಿ ಉಳಿದುಬಿಟ್ಟಿತು.

ಆಮೇಲೆ, ಐದು ವಾರದ ಹಿಂದಿನ ಆ ರಾತ್ರಿ ಬಂತು. ಐಸ್ ಕೋಣೆಯ ಬಾಗಿಲನ್ನು ಒಳಗಿನಿಂದ ತೆರೆಯಲು ಒಂದು ಹಿಡಿ ಇರುತ್ತದೆ. ಅದು ಹಿಮ ಕಟ್ಟಿ ಜಾಮ್ ಆಗಿತ್ತು. ಸರಿಮಾಡಿಸಿ ಎಂದು ಇನೋಕೆ ಎರಡು ಸಲ ಬರೆದುಕೊಟ್ಟಿದ್ದ. ಯಾರೂ ಕದಲದಿದ್ದಾಗ ತಾನೇ ಹೊರಟ. ಬಾಗಿಲು ಮುಚ್ಚಿಕೊಳ್ಳದಿರಲಿ ಎಂದು ಮೂರನೇ ಸರ್ವರನ್ನು ಆರಿಸಿದ, ನೀಲಿ ದೀಪ ಹಚ್ಚಿದ, ಫೋನನ್ನು ಸರ್ವರ್ ಕೋಣೆಯ ಮೇಜಿನ ಮೇಲಿಟ್ಟು, ಉಳಿ ಸುತ್ತಿಗೆ ತೆಗೆದುಕೊಂಡು ಐಸ್ ಕೋಣೆಯೊಳಗೆ ಹೋದ.

ಇತ್ತ ಮ್ಯಾನೇಜರನ ಫೋನು. ಧಕ್ಕೆಗೆ ಮೀನಿನ ದೋಣಿ ಬಂದಿದೆ, ಕೋಣೆ ಬಿಸಿಯಾಗುತ್ತಿದೆ, ಸರ್ವರ್ ಯಾಕೆ ಆರಿದೆ, ಈಗಲೇ ಹೊತ್ತಿಸು. ವಿಮ್ಲೇಶ ಇನೋಕೆಗೆ ಎರಡು ಸಲ ಫೋನು ಮಾಡಿದ. ಬಡಿದುಕೊಂಡು ಬಡಿದುಕೊಂಡು ನಿಂತಿತು. ಮತ್ತೆ ಮರೆತು ಕುಡಿಯಲು ಹೋಗಿದ್ದಾನೆ ಅಂದುಕೊಂಡ. ಕಾರ್ಡಿನ ಮೂಲಕ ಮೊದಲು ದೀಪ ಆರಿಸಿದ. ಆಮೇಲೆ ಸರ್ವರನ್ನು ಹೊತ್ತಿಸಿದ. ಹನ್ನೊಂದು ಇಪ್ಪತ್ತು.

ಬಾಗಿಲು ಮುಚ್ಚಿತು. ಫ್ಯಾನು ತಿರುಗಿತು. ಮೀನು ತಂದವರು ಬಾಗಿಲು ತೆಗೆಸಿದಾಗ ಹನ್ನೆರಡೂವರೆ. ಎಪ್ಪತ್ತು ನಿಮಿಷ. ಇನೋಕೆ ಬಾಗಿಲಿಗೆ ಆತುಕೊಂಡೇ ಕೂತಿದ್ದ. ಬೆರಳ ಗಿಣ್ಣುಗಳ ಚರ್ಮ ಉಕ್ಕಿಗೆ ಅಂಟಿಕೊಂಡಿತ್ತು.

ಕೈತಪ್ಪು ಯಾರಿಂದಲೂ ಆಗುತ್ತದೆ. ವಿಮ್ಲೇಶ ಅಲ್ಲಿಗೆ ನಿಲ್ಲಿಸಿದ್ದರೆ ಈ ಕತೆ ಇರುತ್ತಿರಲಿಲ್ಲ. ಸುದ್ದಿ ಬಂದ ಇಪ್ಪತ್ತನೇ ನಿಮಿಷಕ್ಕೆ ಅವನು ಕಾರ್ಡಿನ ದಿನಚರಿ ಪೂರ್ತಿ ಅಳಿಸಿದ. ವಿಚಾರಣೆಗೆ ಬಂದವರಿಗೆ, ದೀಪ ಹಚ್ಚಿಯೇ ಇರಲಿಲ್ಲ, ಸತ್ತವನು ಕುಡಿದು ಒಳಗೆ ಹೋಗಿರಬೇಕು ಎಂದ. ಕಾಗದದಲ್ಲಿ ಹಾಗೇ ಬಿತ್ತು. ಇನೋಕೆಯ ಮಣ್ಣಿನ ದಿನ ಇಗರ್ಜಿಯಲ್ಲಿ ಹಿರಿಯರೊಬ್ಬರು ಎದ್ದು ನಿಂತು, ಯಂಗೋನಾದ ಬಟ್ಟಲಿಗಿಂತ ಹೆಂಡತಿ ಮಕ್ಕಳು ದೊಡ್ಡವರು ಎಂದು ಬುದ್ಧಿ ಹೇಳಿದರಂತೆ. ಉನೈಸಿ ಮುಂದಿನ ಸಾಲಿನಲ್ಲಿ ಕೂತು ಕೇಳಿದಳು. ವಿಮ್ಲೇಶ ಮಣ್ಣಿಗೆ ಹೋಗಲಿಲ್ಲ. ಒಂದು ಚಾಪೆ, ಒಂದು ಕಟ್ಟು ಯಂಗೋನಾ ಹಡಗಿನಲ್ಲಿ ಕಳಿಸಿದ.

ಒಂದೇ ಒಂದು ಹುಳ ಉಳಿದಿತ್ತು. ದಿನಚರಿ ಅಳಿಸಿದರೆ ಕಾರ್ಡು ಅದನ್ನೂ ಬರೆದುಕೊಳ್ಳುತ್ತದೆ. ಅಳಿಸಲಾಗಿದೆ, ವಿಮ್ಲೇಶ, ಹನ್ನೆರಡು ಐವತ್ತು. ಆ ಸಾಲನ್ನು ಯಾರೂ ಅಳಿಸಲಾರರು. ಯಾರಾದರೂ ನೋಡಿದರೆ ಕೆಲಸವೂ ಹೋಯಿತು, ಜೈಲೂ ಬಂತು. ಅದಕ್ಕೇ ಆ ಸರ್ವರ್ ಕೆಟ್ಟಿದೆ ಎಂದು ಹೇಳಿ, ತಂತಿ ಕೀಳಿಸಿ, ಮೂಲೆಗೆ ಹಾಕಿಸಿದ್ದ. ಗುಜರಿ ಲೆಕ್ಕದಲ್ಲಿ ತನಗೇ ಕೊಡಿ ಎಂದು ಮ್ಯಾನೇಜರನಲ್ಲಿ ಕೇಳಿಯೂ ಇಟ್ಟಿದ್ದ.

ಈಗ ಮತ್ತೆ ಆಲದ ಮರದ ರಾತ್ರಿಗೆ ಬನ್ನಿ.

ಓಡಿಕೊಂಡೇ ಮನೆಗೆ ಬಂದ. ಹೆಂಡತಿ ಸಲೇಶ್ನಿ ಮಲಗಿದ್ದಳು. ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್ ತೆರೆದು ಮೂರನೇ ಸರ್ವರಿನ ಕಾರ್ಡನ್ನು ಕರೆದ. ತಂತಿಯಿಲ್ಲದ ಕಾರ್ಡು ಉತ್ತರ ಕೊಡುವ ಹಾಗಿಲ್ಲ.

ಕೊಟ್ಟಿತು.

ಸರ್ವರ್ ಆರಿದೆ. ಫ್ಯಾನ್ ಸೊನ್ನೆ. ನೀಲಿ ದೀಪ ಉರಿಯುತ್ತಿದೆ. ಒಳಗಿನ ಉಷ್ಣಾಂಶ... ಸೊನ್ನೆಗಿಂತ ಮೂವತ್ನಾಲ್ಕು ಕೆಳಗೆ. ಹೊರಗೆ ಡಿಸೆಂಬರಿನ ಬೇಸಿಗೆಯ ಧಗೆ, ಬೆನ್ನಿನ ಮೇಲೆ ಬೆವರು ಹರಿಯುತ್ತಿತ್ತು. ದೀಪ ಆರಿಸಿದ. ಆರಿತು. ಉಸಿರು ಬಿಟ್ಟ. ಕುರ್ಚಿಯಲ್ಲೇ ಕೂತಿದ್ದ.

ಟಿಣ್. ಮತ್ತೆ ಉರಿಯುತ್ತಿತ್ತು. ಗಡಿಯಾರ ನೋಡಿದ. ಹನ್ನೆರಡೂವರೆ.

ನಾಲ್ಕು ರಾತ್ರಿ ಹೀಗೇ. ಹನ್ನೊಂದು ಇಪ್ಪತ್ತಕ್ಕೆ ಹೊತ್ತುವುದು, ಇವನು ಆರಿಸುವುದು, ಎಪ್ಪತ್ತು ನಿಮಿಷ ಬಿಟ್ಟು ಮತ್ತೆ ಹೊತ್ತುವುದು. ಐದನೇ ರಾತ್ರಿ ಐಸ್ ಮನೆಯ ಕಾವಲುಗಾರ ಸೈರೂಸಿಗೆ ಫೋನು ಮಾಡಿದ. ಸೈರೂಸಿ ಮುದುಕ, ಇನೋಕೆಗೆ ಸೋದರಮಾವ. ಹೆಂಡತಿ ಏಳಬಾರದು ಎಂದು ವಿಮ್ಲೇಶ ಪಿಸುಗುಟ್ಟಿದ.

"ಅಜ್ಜ, ಮೂರನೇ ಸರ್ವರ್ ಎಲ್ಲಿದೆ?"

"ಮೂಲೇಲಿ. ನೀನು ಇಡಿಸಿದ ಕಡೆ."

"ತಂತಿ ಹಾಕಿದಾರಾ?"

"ಇಲ್ಲ."

"ದೀಪ...?"



"ಈಗ ಕೇಳ್ತಿದೀಯಾ? ನಾನು ಐದು ವಾರದಿಂದ ನೋಡ್ತಿದೀನಿ."

ಮುದುಕ ಬೈಯಲಿಲ್ಲ. ದಾರಿ ಹೇಳಿದ. ಒಂದು ತಿಮಿಂಗಿಲದ ಹಲ್ಲು ಹಿಡಿದು ಬಾ. ಉನೈಸಿಯ ಮನೆಯ ಚಾಪೆಯ ಅಂಚಿನಲ್ಲಿ ಕೂತು, ಆದದ್ದು ಆದ ಹಾಗೆ ಹೇಳಿ, ಹಲ್ಲನ್ನು ಅವಳ ಮುಂದಿಡು. ಅವಳು ಮುಟ್ಟಿದರೆ ಕ್ಷಮಿಸಿದ ಹಾಗೆ, ಅಲ್ಲಿಗೆ ಮುಗಿಯಿತು. ಅಲ್ಲಿನ ಜನ ಕೊಲೆಯನ್ನೂ ಹಾಗೆ ಹೂತವರು. ಕೊನೆಗೆ ಮುದುಕ ಹೇಳಿದ್ದು ಒಂದೇ ಮಾತು: "ನೀನೇ ಬಾ."

ನಮ್ಮ ಅಂಗಡಿಯಲ್ಲಿ ಗಿರವಿಗೆ ಬಿದ್ದ ತಿಮಿಂಗಿಲದ ಹಲ್ಲುಗಳು ಯಾವಾಗಲೂ ಐದಾರು ಇರುತ್ತವೆ. ಎಣ್ಣೆ ಹಚ್ಚಿ ಹಚ್ಚಿ ಜೇನಿನ ಬಣ್ಣಕ್ಕೆ ಬಂದವು, ತೆಂಗಿನ ನಾರಿನ ಹುರಿ ಕಟ್ಟಿದವು. ವಿಮ್ಲೇಶ ಎಲ್ಲಾ ಎತ್ತಿ ಎತ್ತಿ ನೋಡಿ, ಬುಡ ಸೀಳಿದ್ದ ಎಲ್ಲಕ್ಕಿಂತ ಸಣ್ಣದನ್ನು ಆರಿಸಿ, ಅದರಲ್ಲೂ ಚೌಕಾಸಿಗೆ ನಿಂತ. ಇದು ತೂಕ ನೋಡಿ ಕೊಳ್ಳುವ ಮಾಲಲ್ಲಪ್ಪ, ಕೊಡುವವನ ಮಾನ ನೋಡಿ ಕೊಳ್ಳುವುದು ಎಂದು ಗಲ್ಲಾದಿಂದ ಹೇಳಿದ್ದಾಯಿತು.

"ಕಳಿಸೋದಕ್ಕೆ ತಾನೆ," ಅಂದ.

ಇಲ್ಲೇ ಅವನು ಎಡವಿದ್ದು. ಹನ್ನೆರಡು ವರ್ಷ ಕೂತಲ್ಲಿಂದಲೇ ಎಲ್ಲವನ್ನೂ ಸರಿಪಡಿಸಿದ್ದವನು. ಸರ್ವರ್ ಕೆಟ್ಟರೂ ಕೂತಲ್ಲಿಂದಲೇ, ಸಂಬಂಧ ಕೆಟ್ಟರೂ ಕೂತಲ್ಲಿಂದಲೇ. ಹಲ್ಲನ್ನು ಡಬ್ಬಕ್ಕೆ ಹಾಕಿ ಹಡಗಿನಲ್ಲಿ ಸೈರೂಸಿಗೆ ಕಳಿಸಿದ. ಗೊತ್ತುಮಾಡಿದ ಸಂಜೆ ಮುದುಕ ಅದನ್ನು ಉನೈಸಿಯ ಚಾಪೆಯ ಮೇಲಿಟ್ಟು, ಮನಸ್ಸಿಲ್ಲದ ಮನಸ್ಸಿನಿಂದ ಫೋನು ಹಿಡಿದು ಕೂತ. ಫೋನಿನ ಗಾಜಿನಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡ ವಿಮ್ಲೇಶ. ಬರೆದುಕೊಂಡದ್ದನ್ನು ಓದಿದ. ನನ್ನಿಂದ ಏನಾದರೂ ತಪ್ಪಾಗಿದ್ದರೆ, ತಿಳಿಯದೆ ಏನಾದರೂ ನೋವಾಗಿದ್ದರೆ...

ಉನೈಸಿ ತೆಳ್ಳಗಿನ ಹೆಂಗಸು, ಕಪ್ಪು ಬಟ್ಟೆ ಉಟ್ಟಿದ್ದಳು. ಓದಿ ಮುಗಿಯುವವರೆಗೂ ಕೇಳಿದಳು. ಆಮೇಲೆ ಒಂದೇ ಕೇಳಿದಳು.

"ದೀಪ ಉರೀತಿತ್ತಾ?"

ಹೌದು ಅನ್ನಬಹುದಿತ್ತು. ಆ ಒಂದು ಮಾತಿಗೇ ಅವಳು ಕೂತಿದ್ದಳು. ವಿಮ್ಲೇಶನಿಗೆ ಜೈಲು ನೆನಪಾಯಿತು.

"ಇಲ್ಲಮ್ಮ."

ಅವಳು ಹಲ್ಲನ್ನು ಮುಟ್ಟಲಿಲ್ಲ. ಚಾಪೆಯ ಅಂಚು ಎತ್ತಿ ಅದು ಮುದುಕನ ಕಡೆ ಉರುಳುವ ಹಾಗೆ ಮಾಡಿದಳು. "ದೂರದಿಂದ ಕೊಂದ. ದೂರದಿಂದಲೇ ಬೇಡ್ತಿದಾನೆ," ಅಂದಳು. "ಮಾವ, ಇದನ್ನ ವಾಪಸು ಕಳಿಸಿ. ಆ ಸರ್ವರ್ ಬೇಕು ಅಂತಿದ್ನಲ್ಲ, ಅದನ್ನೂ ಜೊತೆಗೆ ಕಳಿಸಿ. ಇನೋಕೆ ಇನ್ನು ಇಲ್ಲಿ ಯಾಕೆ ಕಾಯಬೇಕು?"

ಕೊನೆಯ ಮಾತು ವಿಮ್ಲೇಶನ ಕಿವಿಗೆ ಬೀಳಲಿಲ್ಲ. ಸರ್ವರ್ ಬರುತ್ತದೆ ಅನ್ನುವುದಷ್ಟೇ ಬಿದ್ದಿತು. ಬಂದರೆ ಕಾರ್ಡನ್ನು ಪುಡಿ ಮಾಡಬಹುದು. ಅಲ್ಲಿಗೆ ಆ ಸಾಲೂ ಮುಗಿಯಿತು. ಖುಷಿಯಾಯಿತಂತೆ ಅವನಿಗೆ. ತಾನೇ ಹೇಳಿದ್ದು.

ಶುಕ್ರವಾರ ಹಡಗಿನಿಂದ ಬಂತು. ಗೋಣಿಯಲ್ಲಿ ಸುತ್ತಿದ ಸರ್ವರ್, ಮೇಲೆ ಹಲ್ಲಿನ ಡಬ್ಬ. ಗೋಣಿ ಒದ್ದೆಯಾಗಿತ್ತು. ಸಮುದ್ರದ ನೀರು ಬಿದ್ದಿರಬೇಕು ಎಂದ ಸಲೇಶ್ನಿ, ಇದನ್ನ ಯಾಕೆ ಮನೆಗೆ ತಂದ್ರಿ ಎಂದು ಗೊಣಗಿಕೊಂಡು ಮಲಗಲು ಹೋದಳು. ವಿಮ್ಲೇಶ ಹಿಂದಿನ ಕೋಣೆಯ ಬಾಗಿಲು ಒಂದಿಷ್ಟು ತೆರೆದೇ ಇಟ್ಟು, ಸರ್ವರನ್ನು ನೆಲದ ಮೇಲೆ ಮಲಗಿಸಿ, ಮೇಲಿನ ತಗಡು ಬಿಚ್ಚಿದ. ದೀಪ ಆರಿತ್ತು. ಒಳಗೆ ಸುತ್ತಲೂ ಧೂಳು, ಹಸಿರು ಹಲಗೆಯ ಮೇಲೆ ಕಾರ್ಡು. ಸುತ್ತಿಗೆ ಎತ್ತಿದ...

ಟಿಕ್.

ನೀಲಿ. ಗಡಿಯಾರ ನೋಡಬೇಕಾಗಿರಲಿಲ್ಲ.

ಬಾಗಿಲು ಮುಚ್ಚಿತು. ಅದು ಕೀಲಿನ ಮೇಲೆ ತಿರುಗುವ ಹಗುರ ಪ್ಲೈವುಡ್ ಬಾಗಿಲು. ಮುಚ್ಚಿದ ಸದ್ದು ಮಾತ್ರ ಅದರದ್ದಲ್ಲ. ಭಾರದ ಉಕ್ಕು ಹಳಿಯ ಮೇಲೆ ಸರಿದ ಸದ್ದು. ಗರ್ರ್ರ್... ಢಬ್. ಆಮೇಲೆ ತಂತಿಯಿಲ್ಲದ ಸರ್ವರಿನ ಫ್ಯಾನು ತಿರುಗತೊಡಗಿತು. ಮೊದಲು ಗುಂಯ್... ಆಮೇಲೆ ಹಡಗಿನ ಎಂಜಿನ್ನಿನ ಹಾಗೆ ಮೊರೆತ. ಮುಖಕ್ಕೆ ರಾಚಿದ ಗಾಳಿಗೆ ಮೀನಿನ ವಾಸನೆ ಇತ್ತು. ಉಸಿರು ಹೊಗೆಯಾಯಿತು. ಹಣೆಯ ಬೆವರು ಹರಳುಗಟ್ಟಿತು. ಸುತ್ತಿಗೆಯ ಹಿಡಿ ಎಡಗೈಗೆ ಅಂಟಿಕೊಂಡಿತು.

ದೀಪ ಆರಿಸಿಬಿಟ್ಟರೆ ಎಲ್ಲ ನಿಲ್ಲುತ್ತದೆ ಅನ್ನಿಸಿತು ಅವನಿಗೆ. ಅವನಿಗೆ ಗೊತ್ತಿದ್ದದ್ದು ಅದೊಂದೇ. ಬಲಗೈಯ ತೋರುಬೆರಳನ್ನು ದೀಪದ ಬಟನ್ನಿನ ಮೇಲಿಟ್ಟು ಒತ್ತಿದ.

ಬೆರಳು ಅಲ್ಲೇ ಹಿಡಿದುಕೊಂಡಿತು.

ಈ ಕಡೆ ಸಲೇಶ್ನಿಯ ಕೂಗಿಗೆ ಬೀದಿ ಎದ್ದಿತು. ನಾವೆಲ್ಲ ಓಡಿದೆವು. ಬಾಗಿಲ ಹೊರಮೈಯಲ್ಲಿ ಸೋಡಾ ಬಾಟಲಿಯ ಮೇಲೆ ಬೆವೆತ ಹಾಗೆ ನೀರು ಇಳಿಯುತ್ತಿತ್ತು. ಒಳಗಿಂದ ಗುದ್ದಿನ ಸದ್ದು. ಢಣ... ಢಣ... ಪ್ಲೈವುಡ್ಡು ಹಾಗೆ ಢಣ ಅನ್ನುವುದಿಲ್ಲ. ನಾಲ್ಕು ಜನ ಭುಜ ಕೊಟ್ಟೆವು. ಎದುರು ಮನೆಯವರು ಕೊಡಲಿ ತಂದು ಹಾಕಿದರು. ಕೊಡಲಿ ಜಿಗಿದು ಹಿಂದಕ್ಕೆ ಬಂತು, ಹಲಗೆಯ ಮೇಲೆ ಗೀರೂ ಬೀಳಲಿಲ್ಲ.

ಒಳಗಿಂದ ವಿಮ್ಲೇಶ ಅರಚಿದ. "ದೀಪ ಉರೀತಿತ್ತು. ಇನೋಕೆ ಹಚ್ಚಿದ್ದ. ನಾನೇ ಆರಿಸಿದೆ. ನಾನೇ ಒತ್ತಿದೆ."

ಬೀದಿಯವರೆಲ್ಲ ಕೇಳಿದೆವು. ಸಲೇಶ್ನಿ ಗೋಡೆ ಹಿಡಿದು ಕೂತಳು. ಮೊದಲ ಹತ್ತು ನಿಮಿಷಕ್ಕೇ ಎಲ್ಲವನ್ನೂ ಒಪ್ಪಿಕೊಂಡುಬಿಟ್ಟಿದ್ದ, ದಿನಚರಿ ಅಳಿಸಿದ್ದನ್ನೂ ಸೇರಿಸಿ. ಈಗ ತೆರೆಯುತ್ತದೆ ಎಂದು ಕಾದೆವು. ತೆರೆಯಲಿಲ್ಲ. ಮಾತಿಗೆ ಹೊತ್ತು ಮೀರಿತ್ತು. ಅಲ್ಲಿ ನಡೆಯುತ್ತಿದ್ದದ್ದು ಬೇರೆಯೇ ಲೆಕ್ಕ. ಆಮೇಲಾಮೇಲೆ ಅರಚುವುದು ನಿಂತು ಹಲ್ಲು ಕಟಕಟಿಸುವ ಸದ್ದು. ಅದಾದ ಮೇಲೆ ಅದೂ ಇಲ್ಲ. ಫ್ಯಾನಿನ ಮೊರೆತ ಮಾತ್ರ.

ಹನ್ನೆರಡೂವರೆಗೆ ಫ್ಯಾನು ನಿಂತಿತು.

ಎಲ್ಲರೂ ಕೇಳಿದೆವು. ಒಳಗಿಂದ... ನಿಧಾನವಾಗಿ... ಬೋಗುಣಿ ಅಂಗೈಯ ಸದ್ದು.

ದಬ್... ದಬ್... ದಬ್.

ಬಾಗಿಲು ತಾನಾಗಿ ಬಿಟ್ಟುಕೊಂಡಿತು. ಚಿಲಕ ಹಾಕಿಯೇ ಇರಲಿಲ್ಲ.

ವಿಮ್ಲೇಶ ಸಾಯಲಿಲ್ಲ. ಸುತ್ತಿಗೆ ಅಂಟಿದ ಎಡಗೈಯನ್ನು ಬಾಗಿಲ ಕಡೆಗೆ ಚಾಚಿ, ಬಲಗೈಯ ಬೆರಳನ್ನು ಸರ್ವರಿಗೆ ಅಂಟಿಸಿಕೊಂಡು, ತುಟಿ ನೀಲಿಯಾಗಿ ಬಿದ್ದಿದ್ದ. ಬೆಚ್ಚಗಿನ ನೀರು ಹೊಯ್ದು ಬೆರಳು ಬಿಡಿಸಬೇಕಾಯಿತು. ಸುವಾದ ದೊಡ್ಡ ಆಸ್ಪತ್ರೆಯ ಡಾಕ್ಟರು ಆ ಕಪ್ಪುಗಟ್ಟಿದ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿ, ನೀವು ಯಾವ ಹಿಮದ ದೇಶದಿಂದ ಬಂದಿರಿ ಎಂದು ಕೇಳಿದರು. ನೌಸೋರಿಯಿಂದ ಅಂದರೆ ನಂಬಲಿಲ್ಲ. ಬೆರಳು ತೆಗೆದರು. ಅದೊಂದೇ.

ಹೊಲಿಗೆ ಬಿಚ್ಚುವ ಮೊದಲೇ ಅವನು ಪೊಲೀಸರಲ್ಲಿ ಬರೆದುಕೊಟ್ಟ. ಕೇಸು ಈಗಲೂ ನಡೆಯುತ್ತಿದೆ. ಐಸ್ ಮನೆಯವರು ಕಾಗದ ತಿದ್ದಬೇಕಾಯಿತು. ಆಮೇಲೆ ಅದೇ ಸೀಳು ಹಲ್ಲು ಹಿಡಿದು ಹಡಗು ಹತ್ತಿದ. ದೊಡ್ಡದೊಂದು ಕೊಡುತ್ತೇವೆ ಅಂದರೆ, ಬೇಡ, ಅವಳು ತಳ್ಳಿದ್ದು ಇದನ್ನೇ, ಮುಟ್ಟಿದರೆ ಇದನ್ನೇ ಮುಟ್ಟಲಿ ಎಂದ.

ಉನೈಸಿ ಅವನನ್ನು ಚಾಪೆಯ ಅಂಚಿನಲ್ಲಿ ಬೆಳಗಿನಿಂದ ಸಂಜೆವರೆಗೆ ಕೂರಿಸಿದಳು.  ತನ್ನ ಕೆಲಸ ತಾನು ಮಾಡಿಕೊಂಡಿದ್ದಳು. ಬೆಳಕು ತಗ್ಗಿದಾಗ ಬಂದು ಎದುರು ಕೂತು, ಅದೇ ಪ್ರಶ್ನೆ ಕೇಳಿದಳು.

"ದೀಪ ಉರೀತಿತ್ತಾ?"

"ಉರೀತಿತ್ತಮ್ಮ."

"ಗಟ್ಟಿಯಾಗಿ ಹೇಳು. ಇಗರ್ಜಿಯವರು ಹೊರಗೆ ನಿಂತಿದಾರೆ."

ಗಟ್ಟಿಯಾಗಿ ಹೇಳಿದ. ಅವಳು ಹಲ್ಲಿನ ಮೇಲೆ ಎರಡು ಬೆರಳಿಟ್ಟು ತೆಗೆದಳು. "ನನ್ನ ಕಡೆಯಿಂದ ಮುಗೀತು," ಅಂದಳು. "ಅವನ ಕಡೆಯಿಂದ ಏನು ಅಂತ ನಾನು ಹೇಳಕ್ಕಾಗಲ್ಲ." ಬೇಯಿಸಿದ ಕೆಸುವಿನ ಗೆಡ್ಡೆ, ತೆಂಗಿನ ಹಾಲಿನ ಮೀನು ಬಡಿಸಿದಳು. ಬಲಗೈಗೆ ಪಟ್ಟಿ ಕಟ್ಟಿದ್ದವನು ಎಡಗೈಯಲ್ಲಿ ಉಂಡ.

ಅವನು ಈಗ ಆ ಕಸಬಿನಲ್ಲಿ ಇಲ್ಲ. ಮಾರುಕಟ್ಟೆಯಲ್ಲಿ ತರಕಾರಿ ಇಟ್ಟುಕೊಂಡಿದ್ದಾನೆ, ಎದುರು ನಿಂತು ತೂಗಿ ಕೊಡುತ್ತಾನೆ. ಫೋನು ಇಟ್ಟುಕೊಂಡಿಲ್ಲ.

ಸರ್ವರನ್ನು ಪೊಲೀಸರು ಒಯ್ದು, ದಿನಚರಿಯ ಆ ಸಾಲು ಬರೆದುಕೊಂಡು, ಎರಡೇ ವಾರಕ್ಕೆ ವಾಪಸು ತಂದುಕೊಟ್ಟರು. ಠಾಣೆಯಲ್ಲಿ ಇಟ್ಟುಕೊಳ್ಳಲು ಯಾರೂ ಒಪ್ಪಲಿಲ್ಲವಂತೆ. ಸಲೇಶ್ನಿ ಅದನ್ನು ಹೊಸಿಲು ದಾಟಿಸಲಿಲ್ಲ. ಹಾಗಾಗಿ ನಮ್ಮ ಅಂಗಡಿಗೆ ಬಂತು. ಅಂಗಡಿಗೆ ಬಂದ ಮಾಲು ಇವತ್ತಲ್ಲ ನಾಳೆ ಹೋಗಲೇಬೇಕು, ನಲವತ್ತು ವರ್ಷದಲ್ಲಿ ಹೋಗದ ಮಾಲಿಲ್ಲ. ಇದೊಂದು ಹೋಗಿಲ್ಲ. ಕಳೆದ ಜನವರಿಯಲ್ಲಿ ಸುವಾದಿಂದ ಹಳೇ ಸರ್ವರ್ ಕೊಳ್ಳುವ ಒಬ್ಬ ಬಂದಿದ್ದ. ಈ ಕತೆ ಒಂದಕ್ಷರ ಅವನಿಗೆ ಗೊತ್ತಿರಲಿಲ್ಲ. ಗೋಣಿ ಸರಿಸಿ ಎರಡೂ ಕೈಯಲ್ಲಿ ಎತ್ತಿದವನು ಹಾಗೇ ಕೆಳಗಿಟ್ಟು, ಅಂಗೈ ಉಜ್ಜಿಕೊಂಡು ಕೇಳಿದ:

"ಸೇಠ್, ಇದನ್ನ ಫ್ರಿಜ್ಜಲ್ಲಿ ಇಟ್ಟಿದ್ರಾ?"

ಸುಳ್ಳು ಅನ್ನುವವರು ಅಂಗಡಿಗೆ ಬನ್ನಿ. ಮೇಲಿನ ಹಲಗೆಯ ಮೇಲಿದೆ. ತಂತಿ ಒಂದೂ ಇಲ್ಲ, ನೀವೇ ಕೈಯಾಡಿಸಿ ನೋಡಬಹುದು. ದೀಪ ಉರಿಯುತ್ತಿದೆ. ನಾವು ಯಾರೂ ಮುಟ್ಟಿಲ್ಲ. ಮೇಲೆ ಹೊದಿಸಿದ ಗೋಣಿ ಮಾತ್ರ ದಿನಾ ಬೆಳಿಗ್ಗೆ ಒದ್ದೆಯಾಗಿರುತ್ತದೆ. ಬಿಸಿಲಿಗೆ ಹಾಕಿ ಒಣಗಿಸಿ ಮತ್ತೆ ಹೊದಿಸುತ್ತೇವೆ.